ಊಲಾಂಗ್: ರುಚಿ ನೋಡಿ, ನಿದ್ರೆ ಕೆಡಿಸಿಕೊಳ್ಳಬೇಡಿ

ಚೀನಾ, ತೈವಾನ್‌ಗಳ ಊಲಾಂಗ್ ಚಹಾದ ರುಚಿ ನಿಮಗೆ ಹೊಸದಾಗಿ ಹತ್ತಿದೆಯೇ? ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನದಿದು. ಹಾಲು, ಸಕ್ಕರೆ ಬೆರೆಸದೆ ಮೊದಲು ಪರಿಮಳ ನೋಡಿ, ನಂತರ ಗುಟುಕರಿಸಿ. ನುಂಗಿದ ಮೇಲೂ ಗಂಟಲಲ್ಲಿ ನವಿರಾದ ಸಿಹಿ ಉಳಿದರೆ ಎಲೆ ಒಳ್ಳೆಯದೆನ್ನುತ್ತಾರೆ ಬಲ್ಲವರು.

ಆದರೆ ಒಂದೇ ಸಂಜೆ ಐದಾರು ಬಗೆಗಳನ್ನು ಹೋಲಿಸಲು ಹೊರಟರೆ ರಾತ್ರಿ ನಿದ್ರೆ ಬಾರದು, ಎದೆ ಡವಗುಟ್ಟೀತು. ಅದು ಕೆಫೀನಿನ ಪ್ರಭಾವ. ಚಹಾ ಪರೀಕ್ಷೆಯೇ ವೃತ್ತಿಯಾದವರು ಸೊರ್ರೆಂದು ಹೀರಿ, ಬಾಯಲ್ಲಾಡಿಸಿ ಉಗುಳಿಬಿಡುತ್ತಾರೆ. ನೀವೂ ಹಾಗೆ ಮಾಡಿ. ಹೋಲಿಕೆ ಬೆಳಿಗ್ಗೆಯೇ ಮುಗಿಯಲಿ.

ಕುದಿಕುದಿ ಚಹಾ ಅನ್ನನಾಳಕ್ಕೆ ಕೆಡುಕು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆರಲಿ. ಊಟದೊಂದಿಗೂ ಬೇಡ. ಸೊಪ್ಪು, ಕಾಳುಗಳ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ಚಹಾ ತಗ್ಗಿಸುತ್ತದೆ. ರಕ್ತಹೀನತೆ ಇರುವವರು ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿಡಿ.