ಟಗರಿನ ದರ್ಪ, ಹಿಂಡಿನ ಲೆಕ್ಕ

ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವಾಗ ದಾರಿಯಲ್ಲಿ ಸಿಗುವ ಅಮೀನಗಡ ಹೆಸರಾಗಿರುವುದು ಎರಡಕ್ಕೆ: ಕರದಂಟು ಮತ್ತು ಕುರಿಸಂತೆ. ಬಾದಾಮಿ ಕಡೆಯವರಿಗೆ ಕೆರೂರಿನ ಸಂತೆ ಹತ್ತಿರ. ಹೆಣ್ಣು ಕುರಿ ಕೊಳ್ಳುವವರು ಬೆನ್ನು, ಕೆಚ್ಚಲು ಮುಟ್ಟಿ ನೋಡುತ್ತಾರೆ. ಟಗರು ಕೊಳ್ಳುವವರು ಮೊದಲು ಅದರ ಬಾಯಿ ತೆರೆಸುತ್ತಾರೆ.

"ಎಷ್ಟ ಹಲ್ಲಿಂದ್ರೀ ಯಣ್ಣಾ?"

"ನಾಕ ಹಲ್ಲಿಂದು. ಹಿಂದಕ ಸರದು ಹೊಡದ್ರ ಎದುರಿಂದು ನಿಂದ್ರೂದಿಲ್ಲ ನೋಡ್ರಿ."

ಕೇಳಿದ್ದು ವಯಸ್ಸು, ಸಿಕ್ಕ ಉತ್ತರದಲ್ಲಿ ಕಾಳಗವೂ ಸೇರಿಕೊಂಡಿತು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಎಂಟು ಹಲ್ಲು ಎಂದು ಟಗರಿನ ಕಾಳಗಕ್ಕೆ ಜೋಡಿ ಕಟ್ಟುವುದೂ ಇದೇ ಲೆಕ್ಕದ ಮೇಲೆ. (ಮನರಂಜನೆಗೆ ಪ್ರಾಣಿಗಳನ್ನು ಕೆಣಕಿ ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಜಾತ್ರೆಯ ಗದ್ದಲದಲ್ಲಿ ಇದು ಯಾರ ಕಿವಿಗೂ ಬೀಳುವುದಿಲ್ಲ.) ನನ್ನ ತಕರಾರು ಬೇರೆ. ಅದೇ ಕಣ್ಣಿನಿಂದಲೇ ಹಿಂಡಿಗೆ ಬೀಜದ ಟಗರನ್ನೂ ಆರಿಸುತ್ತೇವಲ್ಲ, ಅದು ಸರಿಯೇ?

ಎರಡು ಮೂರು ಟಗರುಗಳನ್ನು ಒಂದೇ ಹಿಂಡಿಗೆ ಬಿಟ್ಟರೆ ಅವು ಮೊದಲು ತಮ್ಮತಮ್ಮೊಳಗೆ ಮೇಲು ಕೀಳು ತೀರ್ಮಾನಿಸಿಕೊಳ್ಳುತ್ತವೆ. ಒಮ್ಮೆ ತೀರ್ಮಾನವಾದ ಮೇಲೆ ದಿನವೂ ಗುದ್ದಾಡುವ ಅಗತ್ಯವಿಲ್ಲ. ದೊಡ್ಡದು ತಲೆ ತಗ್ಗಿಸಿ ಎರಡು ಹೆಜ್ಜೆ ಮುಂದಿಟ್ಟರೆ ಸಾಕು, ಚಿಕ್ಕದು ಪಕ್ಕಕ್ಕೆ ಸರಿದು ಮೇಯುವ ಹಾಗೆ ನಟಿಸುತ್ತದೆ. ಬೆದೆಗೆ ಬಂದ ಕುರಿ ಇದ್ದಾಗ ಗಮನಿಸಿ. ಯಜಮಾನ ಟಗರು ಆಕೆಯ ಮೂತ್ರ ಮೂಸಿ, ಕತ್ತೆತ್ತಿ, ಮೇಲ್ದುಟಿ ಮಡಚಿ ನಿಲ್ಲುತ್ತದೆ. ಪಕ್ಕಕ್ಕೆ ಬಂದು ಕತ್ತು ಓರೆಮಾಡಿ ಮುಂಗಾಲಿನಿಂದ ಮೆಲ್ಲಗೆ ತಟ್ಟುತ್ತದೆ. ಇನ್ನೊಂದು ಟಗರು ಹತ್ತು ಮಾರು ದೂರದಲ್ಲಿ ಇದನ್ನೆಲ್ಲ ನೋಡುತ್ತಿರುತ್ತದೆ. ಅದೇ ಟಗರಿಗೆ ಒಂಟಿಯಾಗಿ ಕುರಿ ಸಿಕ್ಕರೆ ಚೆನ್ನಾಗಿಯೇ ಹಾರುತ್ತದೆ. ಯಜಮಾನ ಬೇಲಿಯಾಚೆ ನಿಂತು ನೋಡುತ್ತಿದ್ದರೂ ಸಾಕು, ಹಿಂಜರಿಯುತ್ತದೆ.

ದೇಹದೊಳಗೆ ನಡೆಯುವುದು ಹೀಗೆ. ಹೆದರಿಕೆ, ಪೆಟ್ಟು, ಗುರುತಿಲ್ಲದ ಜಾಗ ಯಾವುದಾದರೂ ಮಿದುಳಿನ ಹೈಪೋಥಲಾಮಸ್ ಎಚ್ಚೆತ್ತು ಪಿಟ್ಯೂಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಅಲ್ಲಿಂದ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸಂದೇಶ ಹೋಗಿ ರಕ್ತದಲ್ಲಿ ಕಾರ್ಟಿಸೋಲ್ ಏರುತ್ತದೆ. ವೃಷಣಗಳಿಗೆ ಟೆಸ್ಟೋಸ್ಟಿರೋನ್ ತಯಾರಿಸಲು ಹೇಳುವ ಎಲ್‌ಎಚ್ ಹಾರ್ಮೋನು ಹೊರಡುವುದೂ ಅದೇ ಪಿಟ್ಯೂಟರಿಯಿಂದ. ಒತ್ತಡ ದಿನಗಟ್ಟಲೆ ಮುಂದುವರಿದರೆ ಈ ಎರಡನೆಯ ಹಾದಿ ಮಂದವಾಗುತ್ತದೆ. ಹಾಗೆಂದು ಕಾರ್ಟಿಸೋಲ್ ವಿಷವೇನಲ್ಲ. ಗಂಡುಕುದುರೆ, ಗಂಡುಹಂದಿಗಳಲ್ಲಿ ಕೂಡುವಿಕೆಯ ಹೊತ್ತಿನಲ್ಲೂ ಅದು ಏರುತ್ತದೆ. ಕಾಟ ಕೊಡುವುದು ಇಳಿಯದೆ ಉಳಿದ ಏರಿಕೆ.

ಸೋತ ಟಗರಿನ ವೀರ್ಯವೇ ಕೆಟ್ಟಿರುತ್ತದೆ ಎಂದು ತೀರ್ಮಾನಿಸಬೇಡಿ. ಎಷ್ಟೋ ಸಲ ಅದು ಗಟ್ಟಿಯಾಗಿಯೇ ಇರುತ್ತದೆ. ಸರದಿ ಮಾತ್ರ ಸಿಗುವುದಿಲ್ಲ. ಇದರ ಪರಿಣಾಮವನ್ನು 1970ರ ದಶಕದಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಹಿಂಡಿನ ಯಜಮಾನ ಟಗರಿಗೇ ಸಂತಾನಶಕ್ತಿ ಇಲ್ಲದಿದ್ದರೆ, ಜೊತೆಗೆ ಫಲವಂತ ಟಗರುಗಳಿದ್ದರೂ ಗಬ್ಬ ಕಟ್ಟುವ ಕುರಿಗಳ ಸಂಖ್ಯೆ ಇಳಿಯುತ್ತದೆ. ತಾನೂ ಉಣ್ಣದ, ಉಣ್ಣುವವರಿಗೂ ಬಿಡದ ಹುಲ್ಲಿನ ಬಣವೆಯ ನಾಯಿಯ ಹಾಗೆ ಅದು ಕಾವಲು ಕೂತಿರುತ್ತದೆ. ಕೊಂಬಿನ ಜೋರಿಗೂ ವೃಷಣದ ಕೆಲಸಕ್ಕೂ ನೇರ ಸಂಬಂಧವಿಲ್ಲ.

ಕಾಳಗದ ಟಗರಿನ ಸಾಕಣೆ ಈ ತೊಡಕನ್ನು ಹೆಚ್ಚಿಸುತ್ತದೆ. ಅದನ್ನು ಹಿಂಡಿನಿಂದ ಬೇರೆ ಮಾಡಿ, ಮನೆಯ ಮುಂದೆ ಒಂಟಿಯಾಗಿ ಕಟ್ಟಿ, ಕಾಳುಕಡಿ ತಿನ್ನಿಸಿ ಬೆಳೆಸುತ್ತಾರೆ. ಕುರಿಗೆ ಒಂಟಿತನವೇ ಒಂದು ಶಿಕ್ಷೆ. ಕೇಂಬ್ರಿಜ್ ಬಳಿಯ ಬಾಬ್ರಹಾಂ ಸಂಸ್ಥೆಯ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು, ಕುರಿ ಐವತ್ತು ಕುರಿಗಳ ಮುಖಗಳನ್ನು ಎರಡು ವರ್ಷದವರೆಗೂ ನೆನಪಿಡಬಲ್ಲದು ಎಂದು 2001ರಲ್ಲಿ ತೋರಿಸಿದರು. 2004ರಲ್ಲಿ ಅದೇ ತಂಡ ಒಂಟಿ ಕುರಿಗಳ ಮುಂದೆ ಬೇರೆ ಕುರಿಯ ಮುಖದ ಚಿತ್ರ ಇಟ್ಟು ನೋಡಿತು. ಚೀರಾಟ ತಗ್ಗಿತು, ಎದೆಬಡಿತ ಇಳಿಯಿತು, ಕಾರ್ಟಿಸೋಲ್ ಕೂಡ. ಮೇಕೆಯ ಮುಖದ ಚಿತ್ರಕ್ಕೆ ಆ ಗುಣವಿರಲಿಲ್ಲ! ಇನ್ನು ಕೊಬ್ಬಿನ ಮಾತು. ಕುರಿಯ ಮೈಬಿಸಿ ಸುಮಾರು 39 ಡಿಗ್ರಿ. ವೃಷಣಗಳು ಅದಕ್ಕಿಂತ ನಾಲ್ಕೈದು ಡಿಗ್ರಿ ತಂಪಾಗಿದ್ದರೆ ಮಾತ್ರ ಕೆಲಸ ಸರಿಯಾಗಿ ನಡೆಯುತ್ತದೆ. ಚೀಲದ ಬುಡದಲ್ಲಿ ಕೊಬ್ಬು ಕೂತರೆ ಬಿಸಿ ಹೊರಹೋಗಲು ತೊಡಕು. ಅತಿಯಾಗಿ ತಿನ್ನಿಸಿದ ಹೋರಿಗಳಲ್ಲಿ ಇದು ಗೊತ್ತಿರುವ ಸಂಗತಿ.

ನಮ್ಮ ಬಿಸಿಲುಸೀಮೆಯಲ್ಲಿ ಕ್ಯಾಲೆಂಡರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಟಗರಿನ ದೇಹದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 47 ದಿನ ಬೇಕು. ಆಮೇಲೆ ವೃಷಣಕ್ಕೆ ಅಂಟಿಕೊಂಡ ಸುರುಳಿನಾಳದಲ್ಲಿ ಅದು ಹಣ್ಣಾಗಲು ಇನ್ನೂ ಎರಡು ವಾರದ ಆಸುಪಾಸು. ಒಟ್ಟು ಎರಡು ತಿಂಗಳು. ಮುಂಗಾರು ಬಿದ್ದು ಹುಲ್ಲು ಚಿಗುರಿದಾಗ ಹಿಂಡಿಗೆ ಬಿಡುವ ಟಗರು ತಂದಿರುವುದು ಏಪ್ರಿಲ್, ಮೇ ತಿಂಗಳ ಸರಕನ್ನು. ಆಗ ಅದು ಉರಿಬಿಸಿಲಲ್ಲಿ ನಿಂತಿತ್ತೇ, ಟೆಂಪೊದಲ್ಲಿ ತುಂಬಿ ಸಂತೆಯಿಂದ ಸಂತೆಗೆ ಅಲೆಯಿತೇ, ಗುರುತಿಲ್ಲದ ಟಗರುಗಳ ಜೊತೆ ಗುದ್ದಾಡಿತೇ ಎಂಬುದರ ಲೆಕ್ಕ ಜೂನ್‌, ಜುಲೈನಲ್ಲಿ ಚುಕ್ತಾ ಆಗುತ್ತದೆ. ಸಂತೆಯಲ್ಲಿ ಹೊಳೆಯುವ ಕೂದಲು, ತಿರುಚಿದ ಕೊಂಬು ನೋಡಿ ಇದನ್ನು ಊಹಿಸಲು ಬರುವುದಿಲ್ಲ. ಎರಡು ತಿಂಗಳು ಮೊದಲೇ ತಂದು, ನೆರಳಿನಲ್ಲಿ ಕಟ್ಟಿ, ಹಿಂಡಿನ ಕಣ್ಣಳತೆಯಲ್ಲಿ ಇಟ್ಟುಕೊಂಡವನೇ ಜಾಣ. ಕೊಳ್ಳುವಾಗ ಹಲ್ಲಿನ ಜೊತೆಗೆ ಬೀಜಗಳನ್ನೂ ಕೈಯಲ್ಲಿ ಹಿಡಿದು ನೋಡಬೇಕು: ಎರಡೂ ಸಮವಾಗಿ, ಗಟ್ಟಿಯಾಗಿ, ಗಂಟಿಲ್ಲದೆ ಇರಬೇಕು. ಗಾತ್ರ ದೊಡ್ಡದಿದ್ದಷ್ಟೂ ವೀರ್ಯಾಣುಗಳ ಉತ್ಪತ್ತಿ ಹೆಚ್ಚು.

2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳು ಸುಮಾರು 1.1 ಕೋಟಿ. ಅವುಗಳಲ್ಲಿ ಬಹುಪಾಲು ಗಬ್ಬ ಕಟ್ಟುವುದು ಹಿಂಡಿನಲ್ಲೇ, ಟಗರಿನಿಂದಲೇ. ಹಾಗಾಗಿ ಒಂದು ಟಗರಿನ ಎಡವಟ್ಟು ಒಂದು ಕುಟುಂಬದ ವರ್ಷದ ಮರಿಗಳನ್ನೇ ತಿನ್ನಬಲ್ಲದು.

ಹೊಸ ಟಗರನ್ನು ಹಳೆಯದರ ಜೊತೆ ಸೇರಿಸುವಾಗ ಹೊರದೇಶದ ಕುರಿಗಾರರು ಮಾಡುವ ಉಪಾಯ ಸರಳ. ಎರಡನ್ನೂ ಒಂದೆರಡು ದಿನ ತೀರ ಇಕ್ಕಟ್ಟಾದ ದೊಡ್ಡಿಯಲ್ಲಿ ಕೂಡಿಹಾಕುತ್ತಾರೆ. ಹಿಂದಕ್ಕೆ ಸರಿಯಲು ಜಾಗವಿಲ್ಲದಿದ್ದರೆ ಓಡಿಬಂದು ಗುದ್ದಲೂ ಆಗುವುದಿಲ್ಲ. ಮೈಗೆ ಮೈ ತಾಗಿ ವಾಸನೆ ಒಂದಾಗುವ ಹೊತ್ತಿಗೆ ಆವೇಶ ಇಳಿದಿರುತ್ತದೆ. ಯಾವ ಟಗರು ನಿಜವಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಕೆಮ್ಮಣ್ಣು ಸಾಕು, ಬಾದಾಮಿ ಸೀಮೆಯಲ್ಲಿ ಅದಕ್ಕೇನು ಬರವೇ. ಎಣ್ಣೆಯಲ್ಲಿ ಕಲಸಿ ಒಂದು ಟಗರಿನ ಎದೆಗೆ ಬಳಿಯಿರಿ, ಇನ್ನೊಂದಕ್ಕೆ ಬೇರೆ ಬಣ್ಣ. ಹಾರಿದ ಕುರಿಯ ಹಿಂಬದಿಯಲ್ಲಿ ಗುರುತು ಮೂಡುತ್ತದೆ. ಕುರಿಯ ಬೆದೆಯ ಸುತ್ತು 17 ದಿನದ್ದು. ಅಷ್ಟು ದಿನ ಕಳೆದ ಮೇಲೆ ಅದೇ ಕುರಿಗಳಿಗೆ ಅದೇ ಟಗರಿನ ಬಣ್ಣ ಮತ್ತೆ ಹತ್ತುತ್ತಿದ್ದರೆ, ಎಷ್ಟೇ ಕಾಳಗ ಗೆದ್ದಿರಲಿ, ಆ ಟಗರನ್ನು ಹಿಂಡಿನಿಂದ ಹೊರಗೆ ಕಟ್ಟಿ ಪಶುವೈದ್ಯರಿಗೆ ತೋರಿಸಬೇಕು.