ವಲಸೆ ಬಂದ ಕಬ್ಬಿನಾಳುಗಳೂ ಅವರ ಹಕ್ಕುಗಳೂ

ಮದ್ದೂರಿಗೆ ಸಮೀಪದಲ್ಲಿ ಶಿಂಷಾನದಿಯ ದಡದಲ್ಲಿರುವ ವೈದ್ಯನಾಥಪುರವು ವೈದ್ಯನಾಥೇಶ್ವರನ ದೇವಾಲಯದಿಂದ ಹೆಸರಾದುದು. ಈ ಗ್ರಾಮವು ಸೇರಿರುವ ಮಂಡ್ಯದ ಸೀಮೆಯು ಕಬ್ಬಿನ ನಾಡಾದುದು ಬಹಳ ಹಿಂದಿನ ಸಂಗತಿಯಲ್ಲ. ಕೃಷ್ಣರಾಜಸಾಗರದ ಕೆಲಸವು 1911ರಲ್ಲಿ ಮೊದಲಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರು ಪಡೆದ ಇರ್ವಿನ್ ನಾಲೆಯಲ್ಲಿ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾದ ಮೇಲೆ ಈ ಬೆಳೆಯು ಹಬ್ಬಿತು. ಬೆಳೆಯು ಹಬ್ಬಿದಂತೆ ಕಡಿಯುವ ಕೈಗಳೂ ಬೇಕಾದುವು. ಈಗ ಊರಿನ ಆಳುಗಳು ಸಾಲದೆ, ಬಳ್ಳಾರಿಯ ಕಡೆಯವರು ಕುಟುಂಬಸಮೇತರಾಗಿ ಬಂದು ಕಟಾವಿನ ಕೆಲಸವನ್ನು ಮಾಡುತ್ತಾರೆ. ಇವರಿಗೆ ಕಾಯಿದೆಯು ಯಾವ ಆಶ್ರಯವನ್ನು ಕೊಟ್ಟಿದೆ, ಅದು ಇವರ ಕೈಗೆ ದೊರೆಯುವ ಬಗೆ ಹೇಗೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕಾಯಿದೆಯು ಯಾರನ್ನು ವಲಸೆಗಾರನೆಂದು ಕರೆಯುತ್ತದೆಂಬುದನ್ನು ಮೊದಲು ನೋಡಬೇಕು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ರಾಜ್ಯದ ಗಡಿಯನ್ನು ದಾಟಿದವರಿಗೆ ಮಾತ್ರ ಅನ್ವಯಿಸುತ್ತಿದ್ದಿತು. 2025ನೆಯ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ ನಿಂತಿರುವ 2020ರ ಸುರಕ್ಷತೆ ಹಾಗೂ ಆರೋಗ್ಯದ ಸಂಹಿತೆಯೂ ಇದೇ ಎಲ್ಲೆಯನ್ನು ಉಳಿಸಿಕೊಂಡಿದೆ. ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್ ಬಂದು ದುಡಿಯುವವನು, ವೇತನದ ಮಿತಿಯೊಳಗಿದ್ದರೆ, ಸಂಹಿತೆಯ ದೃಷ್ಟಿಯಲ್ಲಿ ವಲಸೆಗಾರ. ಬಳ್ಳಾರಿಯಿಂದ ಮಂಡ್ಯಕ್ಕೆ 300 ಕಿಲೋಮೀಟರಿಗೂ ಮಿಗಿಲಾಗಿ ಬಂದವನು ವಲಸೆಗಾರನಲ್ಲ. ಆದಕಾರಣ ಪ್ರಯಾಣಭತ್ಯೆ ಮೊದಲಾದ ವಿಶೇಷ ಸೌಲಭ್ಯಗಳನ್ನು ಈತನು ಆ ಹೆಸರಿನಿಂದ ಕೇಳಲಾರನು.

ಹಾಗೆಂದು ಈತನು ನಿರಾಶ್ರಿತನೆಂದು ತಿಳಿಯಬಾರದು. ಗಡಿಯ ವಿಚಾರವಿಲ್ಲದೆ ಸಲ್ಲುವ ಹಕ್ಕುಗಳೂ ಉಂಟು. ಅವುಗಳಲ್ಲಿ ಮೊದಲನೆಯದು ಆಹಾರ. ಒಂದೇ ರಾಷ್ಟ್ರ ಒಂದೇ ಪಡಿತರ ಚೀಟಿಯ ಏರ್ಪಾಡು 2022ರ ಜೂನ್ ವೇಳೆಗೆ ದೇಶವನ್ನೆಲ್ಲ ವ್ಯಾಪಿಸಿದೆ. 2013ರ ಆಹಾರ ಭದ್ರತೆಯ ಕಾಯಿದೆಯಂತೆ ಆದ್ಯತೆಯ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ ಸಲ್ಲಬೇಕಾದ 5 ಕಿಲೋಗ್ರಾಂ ಧಾನ್ಯವನ್ನು ಬಂದ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಪಡೆಯಬಹುದು. ಎರಡನೆಯದು ಕೂಲಿ. ಏಷ್ಯಾಡ್ ಕ್ರೀಡೆಗಳ ಕಟ್ಟಡದ ಕೆಲಸದವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿಯು ನಿಷೇಧಿಸಿರುವ ಬಲಾತ್ಕಾರದ ದುಡಿಮೆಯೇ ಎಂದು ತೀರ್ಪಿತ್ತಿತು. ಮೂರನೆಯದು ಬಿಡುಗಡೆ. ಮುಂಗಡದ ಸಾಲವನ್ನು ತೋರಿಸಿ ಆಳನ್ನು ಹಿಡಿದಿಟ್ಟುಕೊಂಡರೆ ಅದು ಜೀತ. 1976ರ ಕಾಯಿದೆಯಂತೆ ಅಂತಹ ಸಾಲವು ರದ್ದಾಗುತ್ತದೆ, ಅದನ್ನು ವಸೂಲು ಮಾಡುವಂತಿಲ್ಲ.

ಇಷ್ಟಿದ್ದರೂ ಹಕ್ಕು ಕೈಗೆಟುಕದಿರುವುದೇಕೆ? ಮುಖ್ಯ ಕಾರಣವು ಬರೆಹದ ಅಭಾವ. ಮೇಸ್ತ್ರಿಯು ಊರಿನಲ್ಲಿಯೇ ಮುಂಗಡವನ್ನು ಕೊಟ್ಟು ಕರೆತರುತ್ತಾನೆ, ಕರಾರೆಲ್ಲವೂ ಬಾಯಿಮಾತು, ಕೂಲಿಯು ಟನ್ನಿನ ಲೆಕ್ಕ. ಕಡೆಯಲ್ಲಿ ಕೂಲಿಯು ನಿಂತುಹೋದರೆ ದಣಿಯು ಮೇಸ್ತ್ರಿಯೋ, ಗದ್ದೆಯ ರೈತನೋ, ಕಾರ್ಖಾನೆಯೋ ಎಂಬುದೇ ವಿವಾದವಾಗುತ್ತದೆ. 2019ರ ವೇತನ ಸಂಹಿತೆಯಂತೆ ಬಾಕಿಯನ್ನು ಕೇಳಲು 3 ವರ್ಷಗಳ ಅವಕಾಶವಿದೆ. ಕೂಲಿಯನ್ನು ಕೊಟ್ಟಿದ್ದೇನೆಂದು ಸಾಧಿಸುವ ಹೊಣೆಯೂ ದಣಿಯದೇ. ಆದರೆ ತಾನು ಇಂತಹವನಲ್ಲಿ ದುಡಿದೆನೆಂಬುದನ್ನು ಆಳು ಮೊದಲು ತೋರಿಸಬೇಕಲ್ಲವೆ? ಆದುದರಿಂದ ಪಡೆದ ಮುಂಗಡ, ಕಡಿದ ದಿನ, ಗದ್ದೆಯ ಯಜಮಾನನ ಹೆಸರು, ಟನ್ನುಗಳ ಲೆಕ್ಕ, ಸಂದ ಹಣ ಇವಿಷ್ಟನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡುವುದೂ, ತೂಕದ ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡುವುದೂ ದೊಡ್ಡ ಸಾಧನಗಳು.

ಮುಂದೆ ಹೋಗಬೇಕಾದ ಬಾಗಿಲುಗಳು ಇವು. ಕೂಲಿಯ ಬಾಕಿಗೆ ಕಾರ್ಮಿಕ ಇಲಾಖೆ; ಜೀತದ ದೂರಿಗೆ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ. 1987ರ ಕಾಯಿದೆಯಂತೆ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೂ, ಬಿಟ್ಟಿ ದುಡಿಮೆಗೆ ಸಿಕ್ಕಿದವರಿಗೂ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನಾಗಲಿ 15100 ಎಂಬ ದೂರವಾಣಿಯನ್ನಾಗಲಿ ಆಶ್ರಯಿಸಬಹುದು. 2021ನೆಯ ಆಗಸ್ಟ್ 26ರಂದು ಮೊದಲಾದ ಇ-ಶ್ರಮ್ ದಾಖಲೆಯಲ್ಲಿ ಹೆಸರನ್ನು ಬರೆಯಿಸಿದವರಿಗೆ 12 ಅಂಕಿಗಳ ಗುರುತಿನ ಸಂಖ್ಯೆಯು ದೊರೆಯುತ್ತದೆ; ಅದಕ್ಕೆ ಶುಲ್ಕವಿಲ್ಲ.

ಅಕ್ಷರ ಬಾರದ ಆಳಿಗೆ ಪುಸ್ತಕವನ್ನು ಬರೆದುಕೊಡುವವರು ಬೇಕು. ಊರಿನ ಉಪಾಧ್ಯಾಯರೂ ಓದುವ ಮಕ್ಕಳೂ ವಾರಕ್ಕೊಮ್ಮೆ ಗುಡಿಸಲುಗಳ ಬಳಿ ಕುಳಿತು ಲೆಕ್ಕವನ್ನು ಬರೆದುಕೊಟ್ಟರೂ, ರೈತನು ತೂಕದ ಚೀಟಿಯ ಪ್ರತಿಯೊಂದನ್ನು ಆಳಿನ ಕೈಗೆ ಕೊಟ್ಟರೂ, ಗಡಿಯನ್ನು ದಾಟದ ಈ ವಲಸೆಗಾರರಿಗೆ ಕಾಯಿದೆಯ ಬಾಗಿಲು ತೆರೆಯಲು ಅದೇ ಮೊದಲನೆಯ ಉಪಕಾರವಾದೀತು.