ಪಾರ್ಟು ಬೇರೆ, ಮನುಷ್ಯರು ಬೇರೆ

ಪುರವರ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡದ ಊರು ಹುಡುಕುವುದು ಕಷ್ಟ. ಸಂಜೆ ಹೊಲದಿಂದ ಬಂದವರು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ತಿಂಗಳುಗಟ್ಟಲೆ ಕಂದ ಕಲಿಯುತ್ತಾರೆ, ಕೈಯಿಂದ ದುಡ್ಡು ಹಾಕಿ ಭೀಮನ ಪಾರ್ಟು, ದುರ್ಯೋಧನನ ಪಾರ್ಟು ಹಿಡಿಯುತ್ತಾರೆ. ದ್ರೌಪದಿ, ರುಕ್ಮಿಣಿಯರ ಪಾರ್ಟಿಗೆ ಈಗ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಹಿಂದೆ ಊರಿನ ಗಂಡಸರೇ ಸೀರೆ ಉಡುತ್ತಿದ್ದರು. ಬಣ್ಣ ಅಳಿಸಿದ ಮೇಲೂ ಅವರಿಗೆ ಒಂದು ಅಡ್ಡಹೆಸರು ಅಂಟಿಕೊಂಡೇ ಇರುತ್ತಿತ್ತು.

ಪಾರ್ಟನ್ನೂ ಮನುಷ್ಯರನ್ನೂ ಬೆರೆಸುವ ಅಂಥದ್ದೇ ಗೊಂದಲ ಈಗ ಮೇಜಿನ ಸುತ್ತ ಕೂತು ಆಡುವ ಪಾತ್ರದಾಟದಲ್ಲೂ ಇದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಂಥ ಆಟಗಳ ತಾಯಿಬೇರು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸಿ ಮಾತಿನಲ್ಲೇ ಕಾಡು ದಾಟುತ್ತಾರೆ, ಕೋಟೆ ಹತ್ತುತ್ತಾರೆ, ಗೆಲುವು ಸೋಲನ್ನು ದಾಳ ಹೇಳುತ್ತದೆ. ನಮ್ಮ ನಗರಗಳ ಹುಡುಗ ಹುಡುಗಿಯರಿಗೂ ಇದು ಹೊಸದಲ್ಲ.

ಮೊದಲನೆಯ ತಪ್ಪು ಕಲ್ಪನೆ: ಯಾವ ಪಾರ್ಟು ಹಿಡಿದರೋ ಆ ಮನುಷ್ಯರು ಒಳಗೂ ಅದೇ. ಆರ್. ನಾಗರತ್ನಮ್ಮನವರನ್ನು ನೆನೆಯಿರಿ. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ, ರಾವಣ, ದುರ್ಯೋಧನರಾಗಿ ರಂಗ ನಡುಗಿಸಿದರು. ರಂಗದಿಂದ ಇಳಿದರೆ ನಾಗರತ್ನಮ್ಮನೇ. ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿಯವರ ಕಥೆ ಬೇರೆ. ಕಾಳವ್ವ ಜೋಗತಿಯ ತಂಡದಲ್ಲಿ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಆಕೆಗೆ ಸೀರೆ ವೇಷವಲ್ಲ, ಬದುಕು. ಬರೀ ಉಡುಪು ನೋಡಿ ಅಳೆಯಲು ಹೋದರೆ ಇಬ್ಬರ ವಿಷಯದಲ್ಲೂ ತಪ್ಪುತ್ತೇವೆ. ಪಾತ್ರದಾಟದಲ್ಲೂ ಹೀಗೆಯೇ. ಹೆಣ್ಣು ಪಾತ್ರ ಆರಿಸಿಕೊಂಡ ಹುಡುಗ ಆಟ ಮುಗಿಸಿ ಹುಡುಗನಾಗಿಯೇ ಮನೆಗೆ ಹೋಗಬಹುದು. ಇನ್ನೊಬ್ಬರಿಗೆ ಅದೇ ಪಾತ್ರದಲ್ಲಿ, ಜೀವನದಲ್ಲಿ ಮೊದಲ ಸಲ, ತನ್ನ ನಿಜವಾದ ಗುರುತಿನಿಂದ ಕರೆಸಿಕೊಂಡ ನೆಮ್ಮದಿ ಸಿಗಬಹುದು. ಯಾವುದು ಎಂದು ಹೇಳಬಲ್ಲವರು ಅವರೊಬ್ಬರೇ.

ಎರಡನೆಯದು: “ಆಟ ತಾನೆ, ಏನೆಂದು ಕರೆದರೇನು?” ಈ ಮಾತೇ ನನಗೆ ಹೆಚ್ಚು ನೋವು ಕೊಡುವುದು. ನಾಟಕದಲ್ಲಿ ಯಾರಾದರೂ ಬಾಯಿ ತಪ್ಪಿ ದ್ರೌಪದಿಯನ್ನು ‘ಅವನು’ ಎಂದರೂ ಸೀರೆ ಇದೆ, ಕಿರೀಟ ಇದೆ, ಪರದೆ ಇದೆ. ದ್ರೌಪದಿ ದ್ರೌಪದಿಯಾಗಿಯೇ ಉಳಿಯುತ್ತಾಳೆ. ಮೇಜಿನ ಆಟದಲ್ಲಿ ಇವು ಯಾವುವೂ ಇಲ್ಲ. ಪಾತ್ರಕ್ಕೆ ಸೀರೆಯೂ ಮಾತೇ, ಬಣ್ಣವೂ ಮಾತೇ. ಆಡುವಾಕೆ “ನನ್ನ ಪಾತ್ರ ಹೆಣ್ಣು, ನಾನೂ ಹೆಣ್ಣು” ಎಂದು ಹೇಳಿದ ಮೇಲೂ, ದನಿ ಕೇಳಿ ‘ಅವನು ಕತ್ತಿ ಎತ್ತಿದ’ ಎನ್ನುತ್ತಿದ್ದರೆ ಪಾತ್ರದ ಸೀರೆಯನ್ನೂ ಎಳೆದಂತೆ, ಆಡುವಾಕೆಯನ್ನೂ ಅಲ್ಲಗಳೆದಂತೆ. ಮೂರು ಗಂಟೆಯ ಆಟದಲ್ಲಿ ಅದು ಹತ್ತಾರು ಸಲ ನಡೆಯುತ್ತದೆ.

ಕನ್ನಡದಲ್ಲಿ ಇದನ್ನೆಲ್ಲ ಸರಿಯಾಗಿ ಹೇಳಲು ಬರುವುದಿಲ್ಲ ಎನ್ನುವವರಿದ್ದಾರೆ. ನಮ್ಮ ವ್ಯಾಕರಣ ಅವರ ಮಾತಿಗೆ ಒಪ್ಪುವುದಿಲ್ಲ. ಹಿಂದಿಯಲ್ಲಿ ‘ನಾನು ಹೋಗುತ್ತೇನೆ’ ಎನ್ನಲೂ ಗಂಡು ರೂಪ, ಹೆಣ್ಣು ರೂಪ ಬೇರೆ ಬೇರೆ. ನಮ್ಮ ‘ನಾನು ಬಂದೆ’, ‘ನೀನು ಬಂದೆ’ ಎರಡರಲ್ಲೂ ಲಿಂಗವೇ ಇಲ್ಲ. ಅದು ಬರುವುದು ‘ಅವನು ಬಂದ’, ‘ಅವಳು ಬಂದಳು’ ಎನ್ನುವಾಗ, ಅಂದರೆ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಹೇಳುವಾಗ. ಅಲ್ಲೂ ‘ಅವರು ಬಂದರು’ ಎಂಬ ದಾರಿ ತೆರೆದೇ ಇದೆ. ಎದುರೆದುರು ಮಾತಾಡುವಾಗ ಲಿಂಗ ಅಡಗಿರುವುದು ಮಾತಿನ ಬಾಲದಲ್ಲಿ: ‘ಬಾರ್ಲಾ’, ‘ಬಾರೇ’, ‘ಕಣಣ್ಣ’, ‘ಕಣಕ್ಕ’. ಹಾಗೆಂದು ‘ಅವರು’ ಎಲ್ಲ ಗಾಯಕ್ಕೂ ಮುಲಾಮಲ್ಲ. ಬಳಗದ ಹೆಣ್ಣುಮಕ್ಕಳನ್ನೆಲ್ಲ ‘ಕಣೇ’ ಎಂದು ಸಲುಗೆಯಿಂದ ಕರೆದು, ಒಬ್ಬಳನ್ನು ಮಾತ್ರ ‘ಅವರು, ಇವರು’ ಎಂದು ದೂರ ಕೂರಿಸಿದರೆ ಅವಳಿಗೆ ಅದು ಗೌರವವಾಗಿ ಕೇಳಿಸುವುದಿಲ್ಲ. ಹೇಗೆ ಕರೆಯಬೇಕೆಂದು ಆಟ ಶುರುವಾಗುವ ಮೊದಲೇ ಕೇಳಬೇಕು, ಒಬ್ಬರನ್ನಲ್ಲ, ಎಲ್ಲರನ್ನೂ.

ಲಿಂಗದ ಚರ್ಚೆಯನ್ನು ಈಚೆಗೆ ಆಟಕ್ಕೆ ತುರುಕಿದ್ದಾರೆ ಎಂಬುದೂ ನಿಜವಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ್ದೇ 1978ರ ಕೈಪಿಡಿಯಲ್ಲಿ ಹೆಣ್ಣು ಪಾತ್ರದ ಬಲಕ್ಕೆ ಗಂಡು ಪಾತ್ರಕ್ಕಿಂತ ಕಡಿಮೆ ಮಿತಿ ಹಾಕಿದ್ದರು. 1989ರ ಆವೃತ್ತಿಯಲ್ಲಿ ಅದು ಹೋಯಿತು. 2014ರ ಕೈಪಿಡಿ, ಪಾತ್ರ ಗಂಡು ಹೆಣ್ಣೆಂಬ ಎರಡೇ ಕಟ್ಟಿಗೆ ಒಳಪಡಬೇಕಿಲ್ಲ ಎಂದು ಬರೆಯಿತು.

ಲಿಂಗದ ಈ ಚರ್ಚೆ ಪಶ್ಚಿಮದಿಂದ ಬಂದದ್ದು ಎನ್ನುವವರಿಗೆ, ಅಜ್ಞಾತವಾಸದಲ್ಲಿ ಅರ್ಜುನ ತಾಳಿದ ಬೃಹನ್ನಳೆಯ ರೂಪ ಗೊತ್ತಿರಲೇಬೇಕು. ವ್ಯಾಸಭಾರತದ ವಿರಾಟಪರ್ವದಲ್ಲಿ, ಉತ್ತರೆಗೆ ನಾಟ್ಯ ಕಲಿಸಲು ಬಂದ ಬೃಹನ್ನಳೆಯ ಮಾತನ್ನು ವಿರಾಟ ಸುಮ್ಮನೆ ನಂಬುವುದಿಲ್ಲ; ಹೆಂಗಸರಿಂದ ಪರೀಕ್ಷೆ ಮಾಡಿಸಿಯೇ ಅಂತಃಪುರಕ್ಕೆ ಬಿಡುತ್ತಾನೆ. ಆ ಪರೀಕ್ಷೆಯ ಚಟ ನಮ್ಮಲ್ಲಿ ಬಹಳ ಕಾಲ ಉಳಿಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ, ಲಿಂಗತ್ವ ಗುರುತನ್ನು ನಿರ್ಧರಿಸಬೇಕಾದದ್ದು ಆಯಾ ವ್ಯಕ್ತಿಯೇ, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದಿತು. ಹುಟ್ಟಿದಾಗ ಗುರುತಿಸಿದ ಲಿಂಗಕ್ಕಿಂತ ಬೇರೆ ಗುರುತು ಇರುವುದು ಮನೋರೋಗವೆಂಬ ಮಾತೂ ನಿಲ್ಲುವುದಿಲ್ಲ: 2019ರಲ್ಲಿ ಅಂಗೀಕಾರವಾದ ರೋಗಗಳ ವರ್ಗೀಕರಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿತು.

ಇನ್ನು, ಒಮ್ಮೆ ಬಾಯಿ ತಪ್ಪಿ ಆಡುವಾಕೆಯನ್ನು ‘ಅವನು’ ಎಂದರೆ ದೊಡ್ಡ ಕ್ಷಮಾಪಣೆ ಬೇಕು ಎಂದು ಹೆದರುವವರೂ ಇದ್ದಾರೆ. ಬೇಕಿಲ್ಲ. ಹತ್ತು ನಿಮಿಷ ಕ್ಷಮೆ ಕೇಳುತ್ತ ಕೂತರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಆಕೆಯ ತಲೆಗೇ ಬರುತ್ತದೆ, ಎಲ್ಲರ ಕಣ್ಣೂ ಆಕೆಯ ಮೇಲೇ ನಿಲ್ಲುತ್ತದೆ. “ಅವನು ಬಾಗಿಲು... ಅಲ್ಲ, ಅವಳು ಬಾಗಿಲು ಒದ್ದಳು” ಎಂದು ಅಲ್ಲೇ ತಿದ್ದಿಕೊಂಡು ದಾಳವನ್ನು ಆಕೆಯ ಕೈಗೆ ಕೊಡಿ. ಬಾಗಿಲ ಆಚೆ ಏನಿದೆಯೋ ನೋಡಬೇಕಲ್ಲ.